ಯುದ್ಧ, ವ್ಯಾಪಾರ, ಹೆಂಗಸರು: ನಿಮ್ಮ ಪ್ರಬಂಧಕ್ಕೆ ಯಾವ ಸ್ತ್ರೀವಾದ?

ರಾಜ್ಯಶಾಸ್ತ್ರ ಎಂ.ಎ. ಕೊನೆಯ ವರ್ಷಕ್ಕೆ ಬಂದವರು ಪ್ರತಿ ಸಲ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. "ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಲಿಂಗತ್ವ ಅಂತ ವಿಷಯ ಆರಿಸಿಕೊಂಡಿದ್ದೀನಿ. ಪುಸ್ತಕ ತೆಗೆದರೆ ಸ್ತ್ರೀವಾದದಲ್ಲೇ ಐದಾರು ಬಗೆ ಇದೆ. ಯಾವುದನ್ನು ಹಿಡಿಯಲಿ?" ಕೇಳುವವರಲ್ಲಿ ತುಮಕೂರಿನವರಿದ್ದಾರೆ, ಕೋಲಾರದವರಿದ್ದಾರೆ, ಚಿಂತಾಮಣಿ, ಗೌರಿಬಿದನೂರಿನ ಕಡೆಯವರೂ ಇದ್ದಾರೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಸಮಯ ಒಂದು ಸೆಮಿಸ್ಟರ್ ಅಷ್ಟೇ. ದುಡ್ಡು ಬಸ್ ಚಾರ್ಜಿಗೂ ಲೆಕ್ಕ ಹಾಕುವಷ್ಟು. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು, ನೀವು ಯಾರ ಮನೆಗೆ ಹೋಗಿ ಕೂತು ಮಾತಾಡಬಲ್ಲಿರಿ ಅನ್ನುವುದರ ಮೇಲೆ ಆಯ್ಕೆ ನಿಲ್ಲುತ್ತದೆ. ಆದರೂ ನನಗೊಂದು ಒಲವಿದೆ, ಅದನ್ನು ಮುಚ್ಚಿಡುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಕೂತು ಬರೆಯುವವರಿಗೆ ಹೆಂಗಸರ ದುಡಿಮೆಯಿಂದ ಶುರುವಾಗುವ ದಾರಿಯೇ ಜಾಸ್ತಿ ಕೊಡುತ್ತದೆ. ಯಾಕೆ ಅಂತ ಅಲ್ಲಿಗೆ ಬಂದಾಗ ಹೇಳುತ್ತೇನೆ.

ಇದು ಪಠ್ಯದ ಅಂಚಿನಲ್ಲಿ ಬಿದ್ದಿರುವ ವಿಷಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೆಟ್ ಪರೀಕ್ಷೆಯ ರಾಜ್ಯಶಾಸ್ತ್ರ ಪಠ್ಯಕ್ರಮದಲ್ಲಿ ವಾಸ್ತವವಾದ (ದೇಶಗಳ ನಡುವೆ ನಡೆಯುವುದು ಅಧಿಕಾರದ ಹೋರಾಟ ಅನ್ನುವ ಸಿದ್ಧಾಂತ), ಅದರ ಹೊಸ ರೂಪವಾದ ನವವಾಸ್ತವವಾದಗಳ ಸಾಲಿನಲ್ಲೇ ಸ್ತ್ರೀವಾದವೂ ಇದೆ. ಯು.ಪಿ.ಎಸ್.ಸಿ. ಐಚ್ಛಿಕ ವಿಷಯದಲ್ಲಿ ಲಿಂಗ ನ್ಯಾಯ ಇದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ 'ಮಿಲೇನಿಯಂ' ಪತ್ರಿಕೆ 1988ರಲ್ಲಿ ಹೆಂಗಸರು ಮತ್ತು ಅಂತರರಾಷ್ಟ್ರೀಯ ಸಂಬಂಧದ ಬಗ್ಗೆ ವಿಶೇಷ ಸಂಚಿಕೆ ತಂದಿತು. ಅಲ್ಲಿಂದ ಈಚೆಗೆ ಈ ಚರ್ಚೆ ನಿಂತಿಲ್ಲ.

ಆರಿಸುವ ಮೊದಲು

ನಾಲ್ಕು ವಿಷಯ ನೋಡಿಕೊಳ್ಳಿ. ಮೊದಲನೆಯದು, ನಿಮಗೆ ಏನು ತಿಳಿಯಬೇಕು. ರಾಯಭಾರಿಗಳಲ್ಲಿ, ಶಾಂತಿ ಮಾತುಕತೆಗಳಲ್ಲಿ ಹೆಂಗಸರು ಎಷ್ಟು ಜನ ಅನ್ನುವುದು ಒಂದು ಪ್ರಶ್ನೆ. ಯಾಕೆ ಅಷ್ಟು ಕಡಿಮೆ ಅನ್ನುವುದು ಇನ್ನೊಂದು. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟಿದ ಸಿದ್ಧಾಂತ ನೆಟ್ಟಗಿದೆಯಾ ಅನ್ನುವುದು ಮೂರನೆಯದು. ಮೂರಕ್ಕೂ ದಾರಿ ಬೇರೆ ಬೇರೆ.

ಎರಡನೆಯದು, ಯಾವುದು ಪುರಾವೆ. ಒಂದು ದಾರಿಗೆ ಅಂಕಿ ಬೇಕು, ಇನ್ನೊಂದಕ್ಕೆ ಜನರ ಮಾತು ಬೇಕು, ಮತ್ತೊಂದಕ್ಕೆ ಭಾಷಣ ಮತ್ತು ಕಡತ ಸಾಕು. ಅಂಕಿ ಕಂಡರೆ ಹೆದರುವವರು ಮೊದಲನೆಯದಕ್ಕೆ ಹೋದರೆ ಕಷ್ಟ. ಅಪರಿಚಿತರ ಜೊತೆ ಮಾತಾಡಲು ಸಂಕೋಚ ಪಡುವವರಿಗೆ ಎರಡನೆಯದು ಕಷ್ಟ.

ಮೂರನೆಯದು ಸಮಯ, ದುಡ್ಡು, ಭಾಷೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಓಡಾಟದ ಖರ್ಚಿಲ್ಲ. ಹಳ್ಳಿ ಹಳ್ಳಿ ಸುತ್ತುವ ಕೆಲಸಕ್ಕೆ ಇದು ಸಣ್ಣ ಉಳಿತಾಯ ಅಲ್ಲ. ಹುಡುಗರು ಟಿಕೆಟ್ಟಿನ ದುಡ್ಡು ಎತ್ತಿಡಬೇಕು. ಭಾಷೆಯ ವಿಷಯವನ್ನು ಎಷ್ಟೋ ಜನ ಮರೆಯುತ್ತಾರೆ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ. ಕೆ.ಜಿ.ಎಫ್.ನಲ್ಲಿ ತಮಿಳು. ಮನೆಮಾತಿನಲ್ಲಿ ಕೇಳಿದಾಗ ಬರುವ ಉತ್ತರವೇ ಬೇರೆ. ನಿಮಗೆ ಆ ಭಾಷೆ ಬರುತ್ತಿದ್ದರೆ ಅದು ದೊಡ್ಡ ಆಸ್ತಿ. ಓದುವುದು ಮಾತ್ರ ಹೆಚ್ಚು ಕಡಿಮೆ ಪೂರ್ತಿ ಇಂಗ್ಲಿಷಿನಲ್ಲೇ ಇದೆ. ಯಾವ ದಾರಿಯಲ್ಲಿ ಆ ಇಂಗ್ಲಿಷ್ ಸುಲಭ, ಯಾವುದರಲ್ಲಿ ಕಬ್ಬಿಣದ ಕಡಲೆ ಅನ್ನುವುದೂ ಗೊತ್ತಿರಬೇಕು.

ನಾಲ್ಕನೆಯದನ್ನು ತುಂಬ ಜನ ವೈವಾ (ಮೌಖಿಕ ಪರೀಕ್ಷೆ) ದಿನದವರೆಗೂ ಯೋಚಿಸುವುದಿಲ್ಲ. "ಇದರಲ್ಲಿ ಅಂತರರಾಷ್ಟ್ರೀಯ ಏನಿದೆಯಮ್ಮಾ? ಇದು ಸಮಾಜಶಾಸ್ತ್ರ ಅಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ದೊಡ್ಡ ದೊಡ್ಡವರಿಗೂ ಬಂದಿದೆ. ಅಮೆರಿಕದ ಸ್ತ್ರೀವಾದಿ ವಿದ್ವಾಂಸೆ ಆ್ಯನ್ ಟಿಕ್ನರ್ 1997ರಲ್ಲಿ, ಮುಖ್ಯವಾಹಿನಿಯ ಪಂಡಿತರಿಗೂ ಸ್ತ್ರೀವಾದಿಗಳಿಗೂ ಮಾತು ಯಾಕೆ ಕೂಡುತ್ತಿಲ್ಲ ಅಂತ ಒಂದು ಲೇಖನ ಬರೆದರು. ಮುಖ್ಯವಾಹಿನಿಯ ಕಡೆಯಿಂದ ರಾಬರ್ಟ್ ಕಿಯೋಹೇನ್ 1998ರಲ್ಲಿ ಉತ್ತರ ಕೊಟ್ಟರು. ಪರೀಕ್ಷಿಸಿ ನೋಡಬಹುದಾದ ಊಹೆಗಳನ್ನು ಮುಂದಿಡಿ, ಆಗ ಮಾತಾಡೋಣ ಅನ್ನುವುದು ಅವರ ಧಾಟಿ. ಈ ಜಗಳ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಹಾಗಾಗಿ ನಿಮ್ಮ ಹಳ್ಳಿಯಿಂದ ದೆಹಲಿಗೆ, ದೆಹಲಿಯಿಂದ ಜಿನೀವಾಕ್ಕೋ ಶಾಂಘೈಗೋ ಒಂದು ಗೆರೆ ಎಳೆಯಲು ಆಗಬೇಕು. ಯಾವ ದಾರಿಯಲ್ಲಿ ಆ ಗೆರೆ ಸಲೀಸು ಅನ್ನುವುದನ್ನೂ ತೂಗಿ ನೋಡಿ.

ಉದಾರವಾದಿ ದಾರಿ: ಬಾಗಿಲು ತೆಗೆಯಿರಿ

ರಾಜ್ಯ, ಸೈನ್ಯ, ರಾಜತಂತ್ರ ಇವೆಲ್ಲ ಇರಲಿ, ಆದರೆ ಹೆಂಗಸರನ್ನು ಹೊರಗಿಟ್ಟಿರುವುದು ತಪ್ಪು ಅನ್ನುವುದು ಉದಾರವಾದಿ ಸ್ತ್ರೀವಾದ. ಕಾನೂನು ಬದಲಾಗಬೇಕು, ಸಂಖ್ಯೆ ಏರಬೇಕು. ಓದಲು ಇದೇ ಸುಲಭ, ಬೇಗ ಮುಗಿಯುವುದೂ ಇದೇ.

ಈ ದಾರಿಗೆ ಕನ್ನಡ ನಾಡಿನದೇ ಒಂದು ಗಟ್ಟಿ ಉದಾಹರಣೆ ಇದೆ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದರು. ಆ ಸೇವೆಗೆ ಬಂದ ಮೊದಲ ಹೆಣ್ಣುಮಗಳು ಅವರು. ಆಗಿನ ನಿಯಮ ಹೇಗಿತ್ತು ನೋಡಿ. ಸೇವೆಯಲ್ಲಿರುವ ಹೆಂಗಸು ಮದುವೆಯಾಗುವ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಅಂತ ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಬೇಕು. ಗಂಡಸಿಗೆ ಇಂಥ ಯಾವ ಷರತ್ತೂ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಸಂಸಾರದ ಹೊರೆ ಕೆಲಸಕ್ಕೆ ಅಡ್ಡಿ ಅನ್ನುವುದಾದರೆ ಅದು ಗಂಡಸಿಗೂ ಅನ್ವಯಿಸಬೇಕಲ್ಲವೇ ಅನ್ನುವುದು ಅವರ ತರ್ಕ. ತೀರ್ಪು ಚಿಕ್ಕದು, ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತದೆ. ಭಾರತಕ್ಕೆ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾಗಿ ಚೋಕಿಲಾ ಅಯ್ಯರ್ ಬಂದದ್ದು 2001ರಲ್ಲಿ. ಈ ಎರಡು ಇಸವಿಗಳ ನಡುವೆ ಏನಾಯಿತು ಅಂತ ಹುಡುಕಿದರೇ ಒಂದು ಪ್ರಬಂಧ ಆಗುತ್ತದೆ.

ಜಗತ್ತಿನ ಮಟ್ಟದಲ್ಲಿ ನೋಡುವುದಾದರೆ 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಅಂಗೀಕರಿಸಿತು. ಶಾಂತಿ ಕೆಲಸದಲ್ಲಿ, ಮಾತುಕತೆಯಲ್ಲಿ ಹೆಂಗಸರಿಗೆ ಜಾಗ ಬೇಕು ಅನ್ನುವುದು ಅದರ ತಿರುಳು. 2007ರಲ್ಲಿ ಭಾರತ ಲೈಬೀರಿಯಾಕ್ಕೆ ಪೂರ್ತಿ ಮಹಿಳೆಯರೇ ಇದ್ದ ಪೊಲೀಸ್ ತುಕಡಿ ಕಳಿಸಿತು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು. ಸ್ವೀಡನ್ 2014ರಲ್ಲಿ ತನ್ನದು ಸ್ತ್ರೀವಾದಿ ವಿದೇಶಾಂಗ ನೀತಿ ಅಂತ ಘೋಷಿಸಿತು, 2022ರಲ್ಲಿ ಸರ್ಕಾರ ಬದಲಾದ ಕೂಡಲೇ ಆ ಹೆಸರನ್ನು ಕೈಬಿಟ್ಟಿತು. ಇವಕ್ಕೆಲ್ಲ ದಾಖಲೆ ಧಾರಾಳವಾಗಿ ಸಿಗುತ್ತದೆ. ಶಾಂತಿಪಾಲನೆಯ ಅಂಕಿಗಳು ವಿಶ್ವಸಂಸ್ಥೆಯ ಜಾಲತಾಣದಲ್ಲಿವೆ. ಸಂಸತ್ತುಗಳಲ್ಲಿ ಹೆಂಗಸರು ಎಷ್ಟು ಅನ್ನುವ ಲೆಕ್ಕವನ್ನು ಅಂತರ ಸಂಸದೀಯ ಒಕ್ಕೂಟ ಇಡುತ್ತದೆ. ಮನೆ ಬಿಟ್ಟು ಹೊರಡದೆ ಕೆಲಸ ಮುಗಿಸಬಹುದು.

ಅಂಕಿಯಲ್ಲಿ ಕೈ ಪಳಗಿದವರಿಗೆ ಇನ್ನೂ ಒಂದು ಹೆಜ್ಜೆ ಇದೆ. ದೇಶದೊಳಗೆ ಗಂಡು ಹೆಣ್ಣಿನ ಸಮಾನತೆ ಜಾಸ್ತಿ ಇದ್ದರೆ ಆ ದೇಶ ಹೊರಗೆ ಬಲ ಪ್ರಯೋಗ ಮಾಡುವುದು ಕಡಿಮೆಯೇ? ಮೇರಿ ಕ್ಯಾಪ್ರಿಯೋಲಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೌದು ಅನ್ನುತ್ತದೆ. ವ್ಯಾಲರಿ ಹಡ್ಸನ್ ಮತ್ತು ಜೊತೆಗಾರರು 2012ರ ಪುಸ್ತಕದಲ್ಲಿ ಇದೇ ಜಾಡು ಹಿಡಿದರು. ಕಿಯೋಹೇನ್ ಕೇಳಿದ ಬಗೆಯ ಕೆಲಸ ಇದೇ. ಆದರೆ ಎರಡೂ ಒಟ್ಟಿಗೆ ಕಾಣುತ್ತವೆ ಅನ್ನುವುದು ಬೇರೆ, ಒಂದರಿಂದ ಇನ್ನೊಂದಾಯಿತು ಅನ್ನುವುದು ಬೇರೆ. ಪ್ರಬಂಧದಲ್ಲಿ ಇದನ್ನು ಕಲಸಬೇಡಿ.

ಈ ದಾರಿಯ ಕೊರತೆ ಏನು? ಕುರ್ಚಿಯಲ್ಲಿ ಹೆಂಗಸು ಕೂತ ಮಾತ್ರಕ್ಕೆ ಆಟದ ನಿಯಮ ಬದಲಾಗುತ್ತದಾ ಅನ್ನುವ ಪ್ರಶ್ನೆಗೆ ಇದರಲ್ಲಿ ಉತ್ತರ ತೆಳು. 1971ರಲ್ಲಿ ಇಂದಿರಾ ಗಾಂಧಿ, 1973ರಲ್ಲಿ ಗೋಲ್ಡಾ ಮೇಯರ್, 1982ರಲ್ಲಿ ಮಾರ್ಗರೆಟ್ ಥ್ಯಾಚರ್, ಮೂವರೂ ಯುದ್ಧ ನಡೆಸಿದರು. "ಹೆಂಗಸರು ಆಳಿದರೆ ಶಾಂತಿ" ಅನ್ನುವ ವಾಕ್ಯ ನಿಮ್ಮ ಪ್ರಬಂಧದಲ್ಲಿ ಇದ್ದರೆ ಈಗಲೇ ಹೊಡೆದು ಹಾಕಿ. ಅಮೆರಿಕದ ಚಿಂತಕ ಫ್ರಾನ್ಸಿಸ್ ಫುಕುಯಾಮಾ 1998ರಲ್ಲಿ ಹೆಚ್ಚು ಕಡಿಮೆ ಅಂಥ ವಾದ ಹೂಡಿದಾಗ ಅದನ್ನು ಮೊದಲು ವಿರೋಧಿಸಿದವರಲ್ಲಿ ಟಿಕ್ನರ್ ತರದ ಸ್ತ್ರೀವಾದಿಗಳೇ ಇದ್ದರು.

ಸ್ಟ್ಯಾಂಡ್‌ಪಾಯಿಂಟ್: ಅಲ್ಲಿಂದ ನಿಂತು ನೋಡಿದರೆ

ಅಧಿಕಾರದ ಮೇಲಿನ ಮೆಟ್ಟಿಲಿನಿಂದ ಕಾಣುವ ಜಗತ್ತೇ ಬೇರೆ, ಕೆಳಗಿನಿಂದ ಕಾಣುವುದೇ ಬೇರೆ. ಹೆಂಗಸರ ಬದುಕಿನಿಂದ ಶುರುಮಾಡಿದರೆ ಸಿದ್ಧಾಂತವೇ ಬದಲಾಗುತ್ತದೆ ಅನ್ನುವುದು ಸ್ಟ್ಯಾಂಡ್‌ಪಾಯಿಂಟ್, ಅಂದರೆ ನಿಂತ ನೆಲೆಯಿಂದ ನೋಡುವ, ಸ್ತ್ರೀವಾದಿಗಳ ಮಾತು. ಟಿಕ್ನರ್ 1988ರಲ್ಲಿ ಮಾರ್ಗೆಂಥಾವ್ ಅವರ ವಾಸ್ತವವಾದದ ಆರು ಸೂತ್ರಗಳನ್ನು ಒಂದೊಂದಾಗಿ ತೆಗೆದುಕೊಂಡು ತಿದ್ದಿ ಬರೆದರು. ಅಧಿಕಾರ ಅಂದರೆ ಇನ್ನೊಬ್ಬರನ್ನು ಹತ್ತಿಕ್ಕುವುದು ಮಾತ್ರವಾ, ಜೊತೆ ಸೇರಿ ಏನನ್ನಾದರೂ ಮಾಡುವ ಶಕ್ತಿಯೂ ಅಧಿಕಾರವೇ ಅಲ್ಲವಾ ಅಂತ ಕೇಳಿದರು. ವಾಸ್ತವವಾದವನ್ನು ಬಾಯಿಪಾಠ ಮಾಡಿ ಬೇಸತ್ತವರು ಆ ಲೇಖನ ಓದಲೇಬೇಕು. ಮಾರ್ಗೆಂಥಾವ್ ನಿಮಗೆ ಆಗಲೇ ಗೊತ್ತಿರುವುದರಿಂದ ಅರ್ಧ ಕೆಲಸ ಮುಗಿದ ಹಾಗೆ. ನೆಟ್ ಪರೀಕ್ಷೆಗೂ ಅದು ನೇರ ಉಪಯೋಗ.

ನಮ್ಮ ಕಡೆ ಇದಕ್ಕೆ ಸರಿಹೊಂದುವ ಕ್ಷೇತ್ರಕಾರ್ಯ ಅಂದರೆ ಸೈನಿಕರ ಮನೆಯವರು. ಗಡಿಯಲ್ಲಿ ಗಂಡ ಇರುವಾಗ ಊರಿನಲ್ಲಿ ಹೊಲ, ಸಾಲ, ಮಕ್ಕಳ ಓದು, ಅತ್ತೆ ಮಾವನ ಔಷಧ ನೋಡಿಕೊಳ್ಳುವ ಹೆಂಡತಿಗೆ 'ರಾಷ್ಟ್ರೀಯ ಭದ್ರತೆ' ಹೇಗೆ ಕಾಣುತ್ತದೆ? ಸೈನ್ಯ ನಡೆಯುವುದು ಆಕೆಯ ಸಂಬಳವಿಲ್ಲದ ದುಡಿಮೆಯ ಮೇಲೂ ಹೌದು. ಅಮೆರಿಕದ ಸ್ತ್ರೀವಾದಿ ವಿದ್ವಾಂಸೆ ಸಿಂಥಿಯಾ ಎನ್ಲೋ ಇಂಥವರ ಬಗ್ಗೆ, ರಾಯಭಾರಿಗಳ ಹೆಂಡತಿಯರ ಬಗ್ಗೆ ಬರೆದಿದ್ದಾರೆ. "ಹೆಂಗಸರು ಎಲ್ಲಿದ್ದಾರೆ?" ಅನ್ನುವುದೇ ಅವರ ಮೂಲ ಪ್ರಶ್ನೆ.

ಇಲ್ಲಿ ಅಪಾಯ ಎರಡು. ಹತ್ತು ಜನರನ್ನು ಮಾತಾಡಿಸಿ "ಹೆಂಗಸರು ಹೀಗೆ ಅನ್ನುತ್ತಾರೆ" ಅಂತ ಬರೆದುಬಿಡುವುದು ಒಂದು. ಗೌಡರ ಮನೆಯ ಸೊಸೆಗೂ ದಲಿತ ಕೇರಿಯ ಕೂಲಿ ಹೆಣ್ಣಿಗೂ ಜಗತ್ತು ಒಂದೇ ತರ ಕಾಣಲು ಹೇಗೆ ಸಾಧ್ಯ? ಇನ್ನೊಂದು, ವೈವಾದ ಆ ಪ್ರಶ್ನೆ. ಕುಡಿಯುವ ನೀರಿನ ಕಷ್ಟದ ಬಗ್ಗೆ ಚೆನ್ನಾಗಿ ಬರೆದು, ಅದನ್ನು ಹೊರ ಜಗತ್ತಿಗೆ ಜೋಡಿಸಲು ಆಗದೆ ನಿಂತವರನ್ನು ನೋಡಿದ್ದೇನೆ. ಬರಹ ಒಳ್ಳೆಯದಾಗಿದ್ದೂ ಅಂಕ ಕಳೆದುಕೊಳ್ಳುವುದು ಸಂಕಟದ ವಿಷಯ.

ದುಡಿಮೆಯ ದಾರಿ: ನಾನು ಮೊದಲು ತೋರಿಸುವುದು ಇದನ್ನೇ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ರೇಷ್ಮೆ ಮಾರುಕಟ್ಟೆಗಳಲ್ಲಿ ಒಂದು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವುದು, ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುವುದು, ಇದರಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು. ನೂಲು ಬಿಚ್ಚಾಣಿಕೆಯಲ್ಲೂ ಬಿಸಿನೀರಿನಲ್ಲಿ ಕೈ ಅದ್ದಿ ಕೂರುವವರಲ್ಲಿ ಹೆಂಗಸರು ತುಂಬ. ಈಗ ದೆಹಲಿಗೆ ಬನ್ನಿ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಯಿತು. ಇಲ್ಲಿ ಗೂಡಿನ ಬೆಲೆ ಬಿತ್ತು, ರೈತರು ಬೀದಿಗೆ ಬಂದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ಚೀನಾ, ದೆಹಲಿ, ಶಿಡ್ಲಘಟ್ಟ, ಬಿಸಿನೀರಿನ ಬಾಣಲೆಯ ಮುಂದೆ ಕೂತ ಹೆಂಗಸು. ಗೆರೆ ನೇರವಾಗಿದೆ. "ಅಂತರರಾಷ್ಟ್ರೀಯ ಏನಿದೆ" ಅಂತ ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾವುದಿದೆ?

ರಾಜಕೀಯ ಅರ್ಥಶಾಸ್ತ್ರದ ಸ್ತ್ರೀವಾದ ಕೇಳುವುದು ಇಂಥದ್ದನ್ನೇ. ಜಗತ್ತಿನ ವ್ಯಾಪಾರ ಯಾರ ಅಗ್ಗದ ದುಡಿಮೆಯ ಮೇಲೆ ನಿಂತಿದೆ? ಆ ದುಡಿಮೆ ಅಗ್ಗ ಆದದ್ದು ಹೇಗೆ? ಜರ್ಮನಿಯ ಮರಿಯಾ ಮೀಸ್ ಆಂಧ್ರದ ನರಸಾಪುರದಲ್ಲಿ ಲೇಸ್ ಹೆಣೆಯುವ ಹೆಂಗಸರನ್ನು ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಕೂತು ಹೆಣೆದ ಲೇಸ್ ವಿದೇಶಕ್ಕೆ ಹೋಗುತ್ತಿತ್ತು. ಆದರೆ ಹೆಣೆಯುವವರನ್ನು ಕಾರ್ಮಿಕರು ಅಂತ ಯಾರೂ ಎಣಿಸುತ್ತಿರಲಿಲ್ಲ. "ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ" ಅನ್ನುವ ಹಣೆಪಟ್ಟಿಯೇ ಕೂಲಿಯನ್ನು ಕೆಳಗಿಟ್ಟಿತ್ತು. ಈ ಒಂದು ಒಳನೋಟ ಹಿಡಿದುಕೊಂಡು ನಮ್ಮ ಊರುಗಳಲ್ಲಿ ಬೀಡಿ ಕಟ್ಟುವವರ, ಅಗರಬತ್ತಿ ಹೊಸೆಯುವವರ ಮನೆಗೆ ಹೋಗಿ. ಹೋಲಿಸಲು ಬೇಕಾದಷ್ಟು ಸಿಗುತ್ತದೆ.

ಗಾರ್ಮೆಂಟ್ಸ್ ಅಂತೂ ಕಣ್ಣೆದುರಿಗೇ ಇದೆ. ಬೆಳಗಿನ ವ್ಯಾನು, ಟಾರ್ಗೆಟ್, ಸೂಪರ್‌ವೈಸರ್ ಬೈಗುಳ, ಭಾನುವಾರ ಒಂದೇ ರಜೆ. ಈ ಮಾತುಗಳನ್ನು ಕೇಳದ ಮನೆ ತುಮಕೂರು, ಕೋಲಾರದ ಕಡೆ ಅಪರೂಪ. ಯಾವ ದೇಶದಿಂದ ಎಷ್ಟು ಜವಳಿ ಬರಬಹುದು ಅಂತ ಮಿತಿ ಹಾಕಿದ್ದ ಕೋಟಾ ಪದ್ಧತಿ, 1974ರ ಬಹುತಂತು ಒಪ್ಪಂದದಿಂದ ಬಂದದ್ದು, 2005ರ ಜನವರಿ 1ಕ್ಕೆ ಪೂರ್ತಿ ಮುಗಿಯಿತು. ಆಮೇಲೆ ಬ್ರ್ಯಾಂಡ್‌ಗಳು ಅಗ್ಗದ ದೇಶ ಹುಡುಕಿಕೊಂಡು ಹೋಗಲು ಆ ಕೋಟಾದ ತಡೆ ಉಳಿಯಲಿಲ್ಲ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬದಲಾಯಿಸಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ಹಿಂದೆ ಸರಿಯಿತು. ದೊಡ್ಡ ಸಂಘಟನೆಯ ನಾಯಕರು ಕರೆ ಕೊಟ್ಟು ಆದ ಹೋರಾಟ ಅದಲ್ಲ. ಅಷ್ಟು ದೊಡ್ಡ ಘಟನೆಯ ಬಗ್ಗೆ ಕನ್ನಡದಲ್ಲಿ ಅಂತರರಾಷ್ಟ್ರೀಯ ಸಂಬಂಧದ ಕಣ್ಣಿನಿಂದ ಬರೆದ ಪ್ರಬಂಧಗಳು ಇನ್ನೂ ಎಷ್ಟೋ ಬರಬೇಕು. ಯಾರಾದರೂ ಬರೆಯಲಿ ಅನ್ನುವುದು ನನ್ನ ಮನಸಾರೆ ಆಸೆ. ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಬಂದ ಮೇಲೆ ಈ ಪ್ರಶ್ನೆಗಳಿಗೆ ಇನ್ನೊಂದು ಮುಖವೂ ಸೇರಿದೆ.

ಖರ್ಚು ಏನು ಅಂದರೆ ಸಮಯ. ಓಡಾಟ ಹತ್ತಿರದ್ದೇ, ಆದರೆ ನಂಬಿಕೆ ಹುಟ್ಟಲು ದಿನ ಬೇಕು. ಕಾರ್ಖಾನೆ ಗೇಟಿನಲ್ಲಿ ನಿಲ್ಲಿಸಿ ಮಾತಾಡಿಸಬೇಡಿ, ಅವರ ಕೆಲಸಕ್ಕೇ ಕುತ್ತು ಬರಬಹುದು. ಭಾನುವಾರ ಮಧ್ಯಾಹ್ನ ಮನೆಗೆ ಹೋಗಿ, ಇಲ್ಲವೇ ಸ್ತ್ರೀಶಕ್ತಿ ಸಂಘದ ಮೀಟಿಂಗ್ ಮುಗಿದ ಮೇಲೆ ಕೂತು ಮಾತಾಡಿ. ಹೆಸರು ಬದಲಾಯಿಸಿ ಬರೆಯುತ್ತೇನೆ ಅಂತ ಮೊದಲೇ ಹೇಳಿ, ಹಾಗೇ ಮಾಡಿ. ಸಂಬಳ ಕೊಡಿಸುತ್ತೇನೆ, ಸರ್ಕಾರಕ್ಕೆ ಹೇಳುತ್ತೇನೆ ಅಂತ ಮಾತು ಕೊಡಬೇಡಿ. ಸಿದ್ಧಾಂತದ ಕಡೆಯಿಂದ ಒಂದು ಎಚ್ಚರ. ಎಲ್ಲವನ್ನೂ ದುಡ್ಡಿಗೆ ಇಳಿಸಿದರೆ, ಗಂಡ ಯಾಕೆ ಸಂಬಳ ಕಿತ್ತುಕೊಳ್ಳುತ್ತಾನೆ, ಹುಡುಗಿಗೆ ಮದುವೆ ಖರ್ಚಿನ ಲೆಕ್ಕ ಯಾಕೆ ಅನ್ನುವುದು ಕೈಜಾರುತ್ತದೆ.

ರಚನೋತ್ತರವಾದ: ಮಾತಿನ ಒಳಗಿನ ಗಂಡಸು

ಗೌರಿಬಿದನೂರಿನ ಹತ್ತಿರ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರ ಇದೆ. 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಕಟ್ಟಿದ್ದು. ಜಗತ್ತಿನ ಯಾವುದೋ ಮೂಲೆಯಲ್ಲಿ ನೆಲದಡಿ ಅಣುಬಾಂಬ್ ಸಿಡಿದರೆ ಆ ನಡುಕ ಅಲ್ಲಿ ದಾಖಲಾಗುತ್ತದೆ. ಅಣ್ವಸ್ತ್ರ ರಾಜಕಾರಣ ನಮ್ಮಿಂದ ದೂರದ್ದೇನಲ್ಲ. ಆ ರಾಜಕಾರಣ ಆಡುವ ಮಾತನ್ನೇ ಬಿಡಿಸಿ ನೋಡುವುದು ರಚನೋತ್ತರವಾದಿ ಸ್ತ್ರೀವಾದ.

ಕ್ಯಾರಲ್ ಕಾನ್ ಅಮೆರಿಕದ ಅಣ್ವಸ್ತ್ರ ತಜ್ಞರ ನಡುವೆ ಇದ್ದು, ಅವರು ಆಡುವ ಮಾತನ್ನು ಕೇಳಿಸಿಕೊಂಡು 1987ರಲ್ಲಿ ಲೇಖನ ಪ್ರಕಟಿಸಿದರು. ಲಕ್ಷಾಂತರ ಸಾವಿನ ಲೆಕ್ಕವನ್ನು ತಣ್ಣಗೆ, ಶುಚಿಯಾದ ಪದಗಳಲ್ಲಿ ಹೇಳುವ ಭಾಷೆ ಅದು. ಆ ಭಾಷೆಯಲ್ಲಿ ಗಂಡಸುತನದ ರೂಪಕಗಳು ತುಂಬಿವೆ. ಸತ್ತವರ ಬಗ್ಗೆ ಮಾತೆತ್ತಿದವರು ಮೆತ್ತಗಿನವರು ಅನಿಸಿಕೊಳ್ಳುತ್ತಾರೆ. ಯಾರು ಗಂಡು ಯಾರು ಹೆಣ್ಣು ಅನ್ನುವುದಕ್ಕಿಂತ, ಯಾವ ಮಾತು ಗಂಡಸುತನದ್ದು, ಯಾವ ಮಾತಿಗೆ ಬೆಲೆ ಇಲ್ಲ ಅನ್ನುವುದು ಇಲ್ಲಿ ಮುಖ್ಯ. ಅದೇ ವರ್ಷ ಜೀನ್ ಎಲ್ಷ್ಟೈನ್ ಬರೆದ ಪುಸ್ತಕವೂ ಇದಕ್ಕೆ ಹತ್ತಿರದ್ದು. ನ್ಯಾಯಕ್ಕಾಗಿ ಹೋರಾಡುವ ವೀರ, ಮನೆಯಲ್ಲಿ ಕಾಯುವ ನಿರ್ಮಲ ಹೆಣ್ಣು, ಈ ಎರಡು ಚಿತ್ರಗಳಿಲ್ಲದೆ ಯುದ್ಧದ ಕಥೆ ನಿಲ್ಲುವುದಿಲ್ಲ ಅಂತ ಅದು ತೋರಿಸುತ್ತದೆ.

ಈ ದಾರಿ ಅಗ್ಗ. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯ ಮೇಲಿನ ಲೋಕಸಭೆ ಚರ್ಚೆಗಳು ಆನ್‌ಲೈನಲ್ಲಿವೆ. ಆ ತಿಂಗಳ ಕನ್ನಡ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆಸಿ ಓದಬಹುದು. ಶೌರ್ಯ, ಮಾನ, ತಾಯ್ನಾಡು, ಬಳೆ ತೊಡುವ ಮಾತು ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಮಾಡುತ್ತಾ ಹೋಗಿ. ಕನ್ನಡ ಚೆನ್ನಾಗಿ ಬಲ್ಲವರಿಗೆ, ಸಾಹಿತ್ಯದ ರುಚಿ ಇರುವವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಕಷ್ಟ ಇರುವುದು ಸಿದ್ಧಾಂತದ ಓದಿನಲ್ಲಿ. ಈ ದಾರಿಯ ದೊಡ್ಡ ಸಿದ್ಧಾಂತಕಾರರಾದ ಜುಡಿತ್ ಬಟ್ಲರ್ ಅವರನ್ನು ನೇರ ಓದಲು ಹೋಗಿ ಎಷ್ಟೋ ಜನ ಕೈಚೆಲ್ಲುತ್ತಾರೆ. ಕಾನ್ ಅವರಿಂದ ಶುರುಮಾಡಿ, ಅವರ ಇಂಗ್ಲಿಷ್ ತಿಳಿಯಾಗಿದೆ, ಕಥೆಯಂತೆ ಓದಿಸಿಕೊಂಡು ಹೋಗುತ್ತದೆ. ಪುರುಷತ್ವವನ್ನೇ ವಿಷಯ ಮಾಡಿಕೊಳ್ಳುವ ಅಧ್ಯಯನಗಳೂ ಈ ಮಗ್ಗುಲಿನಲ್ಲೇ ಬೆಳೆದಿವೆ. ಗಂಡು ವಿದ್ಯಾರ್ಥಿಗಳು "ಇದು ನಮ್ಮ ವಿಷಯ ಅಲ್ಲ" ಅಂತ ಹಿಂಜರಿಯುವ ಅಗತ್ಯವೇ ಇಲ್ಲ.

ವಸಾಹತೋತ್ತರ: ಯಾರ ಪರವಾಗಿ ಯಾರು ಮಾತಾಡುತ್ತಾರೆ

ವಸಾಹತು ಆಳ್ವಿಕೆ ಬಿಟ್ಟುಹೋದ ಮೇಲುಕೀಳನ್ನು ಪ್ರಶ್ನಿಸುವ ದಾರಿ ಇದು. ಭಾರತ ಮೂಲದ ಸ್ತ್ರೀವಾದಿ ವಿದ್ವಾಂಸೆ ಚಂದ್ರಾ ತಲಪಡೆ ಮೊಹಾಂತಿ 1980ರ ದಶಕದಲ್ಲಿ ಪಶ್ಚಿಮದ ಸ್ತ್ರೀವಾದಿಗಳನ್ನೇ ತರಾಟೆಗೆ ತೆಗೆದುಕೊಂಡರು. ನಿಮ್ಮ ಪುಸ್ತಕಗಳಲ್ಲಿ 'ಮೂರನೇ ಜಗತ್ತಿನ ಹೆಣ್ಣು' ಅಂದರೆ ಒಂದೇ ಅಚ್ಚಿನ ಬಡವಿ, ಬಾಯಿ ಇಲ್ಲದವಳು, ಬರೀ ಬಲಿಪಶು, ಯಾಕೆ ಹೀಗೆ ಅಂತ ಕೇಳಿದರು. ಅದೇ ಲೇಖನದಲ್ಲಿ ಅವರು ಮೆಚ್ಚಿಕೊಂಡ ಒಂದು ಕೆಲಸ ಅಂದರೆ ಮೀಸ್ ಅವರ ನರಸಾಪುರದ ಅಧ್ಯಯನ. ಒಂದು ಊರು, ಒಂದು ಕಸುಬು, ಅಲ್ಲಿನ ಜಾತಿ ವರ್ಗ ಎಲ್ಲ ಬಿಡಿಸಿ ನೋಡಿದ್ದಕ್ಕೆ. ದುಡಿಮೆಯ ದಾರಿ ಮತ್ತು ಈ ದಾರಿ ಜೊತೆಯಾಗಿ ನಡೆಯುತ್ತವೆ ಅನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

2001ರ ನವೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷರ ಪತ್ನಿ ಲಾರಾ ಬುಷ್ ರೇಡಿಯೋದಲ್ಲಿ ಮಾತಾಡಿ, ಅಫ್ಘಾನಿಸ್ತಾನದ ಯುದ್ಧವನ್ನು ಅಲ್ಲಿನ ಹೆಂಗಸರ ಹಕ್ಕಿಗೆ ಜೋಡಿಸಿದರು. ಹೆಂಗಸರನ್ನು ಕಾಪಾಡುತ್ತೇವೆ ಅಂತ ಬಾಂಬ್ ಹಾಕುವ ತರ್ಕವನ್ನು ಬಿಡಿಸಲು ಈ ದಾರಿಗಿಂತ ಹರಿತವಾದದ್ದು ಇಲ್ಲ. ನಮ್ಮ ಸರ್ಕಾರವನ್ನೂ ಇದೇ ಕಣ್ಣಿನಿಂದ ನೋಡಬಹುದು. ಇ.ಸಿ.ಆರ್. ಪಾಸ್‌ಪೋರ್ಟ್ (ದುಡಿಯಲು ಹೊರದೇಶಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕಾದ ಪಾಸ್‌ಪೋರ್ಟ್) ಇರುವ 30 ವರ್ಷದೊಳಗಿನ ಹೆಂಗಸರು ಮನೆಗೆಲಸಕ್ಕೆ ಕೊಲ್ಲಿ ದೇಶಗಳಿಗೆ ಹೋಗದಂತೆ ಭಾರತ ನಿರ್ಬಂಧ ಹಾಕಿದೆ. ಇದು ರಕ್ಷಣೆಯಾ, ಅಲ್ಲ ಹೆಣ್ಣಿಗೆ ತನ್ನ ಒಳಿತು ತಿಳಿಯದು ಅನ್ನುವ ಭಾವನೆಯಾ? ಎರಡು ಕಡೆಗೂ ವಾದ ಇದೆ, ಬರೆಯುವವರಿಗೆ ಅದೇ ಬಂಡವಾಳ.

ನಮ್ಮವರು ಬರೀ ಕೇಳಿಸಿಕೊಂಡು ಕೂತವರಲ್ಲ ಅನ್ನುವುದಕ್ಕೂ ದಾಖಲೆ ಇದೆ. 1948ರ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ 'ಎಲ್ಲ ಪುರುಷರು' ಎಂಬ ಅರ್ಥ ಕೊಡುವ ಮಾತಿತ್ತು. 'ಎಲ್ಲ ಮಾನವರು' ಅಂತ ಆಗಲು ಪಟ್ಟು ಹಿಡಿದವರು ಭಾರತದ ಹಂಸಾ ಮೆಹ್ತಾ. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಮೊದಲ ಮಹಿಳಾ ಅಧ್ಯಕ್ಷೆಯಾದವರು ವಿಜಯಲಕ್ಷ್ಮಿ ಪಂಡಿತ್.

ಈ ದಾರಿಯ ತೊಡಕು ಅಂದರೆ, ಪಶ್ಚಿಮವನ್ನು ಬೈದು ಮುಗಿಸುವ ಚಪಲ. ಹಾಗೆ ಮಾಡಿದರೆ ನಮ್ಮದೇ ಜಾತಿ, ನಮ್ಮದೇ ಮನೆಯ ಯಜಮಾನಿಕೆ ಮರೆಯಾಗುತ್ತದೆ. ಇನ್ನೊಬ್ಬರ ಪರವಾಗಿ ಮಾತಾಡಬೇಡಿ ಅಂತ ಮೊಹಾಂತಿ ಹೇಳಿದ್ದು ಬೆಂಗಳೂರಿನ ನಮಗೂ, ತುಮಕೂರಿನ ಓದಿದವರಿಗೂ ಸೇರಿಸಿಯೇ ಅಂತ ಓದಿಕೊಳ್ಳಬೇಕು.

ಹಾಗಾದರೆ ನೀವು?

ಕೆಲಸ ಮಾಡುತ್ತಾ ಓದುತ್ತಿದ್ದೀರಾ, ಭಾನುವಾರವೂ ಬಿಡುವಿಲ್ಲವಾ? ಉದಾರವಾದಿ ದಾರಿಯೇ ಸರಿ. ಮುತ್ತಮ್ಮ ಪ್ರಕರಣವೋ 1325ನೇ ನಿರ್ಣಯವೋ ಹಿಡಿಯಿರಿ, ಆದರೆ ಕೊನೆಯ ಅಧ್ಯಾಯದಲ್ಲಿ ಅದರ ಮಿತಿಯನ್ನು ಬೇರೆ ದಾರಿಯವರ ಕಣ್ಣಿನಿಂದ ಬರೆಯಿರಿ. ನೆಟ್ ಅಥವಾ ಕೆ-ಸೆಟ್ ತಯಾರಿ ಜೊತೆಗೇ ನಡೆಯಬೇಕು ಅನ್ನುವವರು ಟಿಕ್ನರ್ ಮತ್ತು ಮಾರ್ಗೆಂಥಾವ್ ಇಟ್ಟುಕೊಂಡು ಪೂರ್ತಿ ಸಿದ್ಧಾಂತದ ಪ್ರಬಂಧ ಬರೆದರೆ ಓದಿದ್ದು ಎರಡು ಕಡೆ ದಕ್ಕುತ್ತದೆ. ಭಾಷೆಯ ಮೇಲೆ ಪ್ರೀತಿ ಇದ್ದು, ಓಡಾಟಕ್ಕೆ ಮನೆಯಲ್ಲಿ ಒಪ್ಪದಿದ್ದರೆ ಪತ್ರಿಕೆ ಮತ್ತು ಸಂಸತ್ತಿನ ಚರ್ಚೆ ಇದೆ. ಮುಂದೆ ಪಿಎಚ್.ಡಿ. ಮಾಡುವ ಮನಸ್ಸಿದ್ದರೆ ದುಡಿಮೆಯ ದಾರಿಗೆ ಬನ್ನಿ, ಮೊಹಾಂತಿಯ ಎಚ್ಚರಿಕೆಯನ್ನು ಜೊತೆಗಿಟ್ಟುಕೊಳ್ಳಿ. ಇಲ್ಲಿನ ವಸ್ತು ನಿಮ್ಮಷ್ಟು ಚೆನ್ನಾಗಿ ಲಂಡನ್ನಿನಲ್ಲಿ ಕೂತವರಿಗೆ ಸಿಗುವುದಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಇ-ಇಂಟರ್‌ನ್ಯಾಷನಲ್ ರಿಲೇಷನ್ಸ್ ತಾಣ 2017ರಲ್ಲಿ ತಂದ ಸಿದ್ಧಾಂತದ ಪಠ್ಯಪುಸ್ತಕ ಪುಕ್ಕಟೆ ಇಳಿಸಿಕೊಳ್ಳಬಹುದು, ಅದರಲ್ಲಿ ಸ್ತ್ರೀವಾದದ ಮೇಲೆ ಒಂದು ಅಧ್ಯಾಯ ಇದೆ. ಇಗ್ನೋ ಪಾಠಗಳು ಇ-ಜ್ಞಾನಕೋಶದಲ್ಲಿವೆ. ಕಾಲೇಜಿನ ಗ್ರಂಥಪಾಲಕರನ್ನು ಎನ್-ಲಿಸ್ಟ್ (ಕಾಲೇಜುಗಳಿಗೆ ಪತ್ರಿಕೆ, ಪುಸ್ತಕಗಳನ್ನು ಆನ್‌ಲೈನಲ್ಲಿ ಒದಗಿಸುವ ಯೋಜನೆ) ಲಾಗಿನ್ ಇದೆಯಾ ಅಂತ ಕೇಳಿ. ಇದ್ದೂ ಯಾರೂ ಕೇಳದೆ ಬಿದ್ದಿರುವ ಕಾಲೇಜುಗಳಿವೆ. ಬೇರೆಯವರು ಏನು ಬರೆದಿದ್ದಾರೆ ಅಂತ ನೋಡಲು ಪಿಎಚ್.ಡಿ. ಪ್ರಬಂಧಗಳ ತಾಣ ಶೋಧಗಂಗಾ ಇದೆ. ಎನ್ಲೋ ಅವರ 'ಬನಾನಾಸ್, ಬೀಚಸ್ ಆ್ಯಂಡ್ ಬೇಸಸ್' ಪುಸ್ತಕ ಸಿಕ್ಕರೆ 1989ರದ್ದಕ್ಕಿಂತ 2014ರ ಆವೃತ್ತಿ ತೆಗೆದುಕೊಳ್ಳಿ, ಅದರಲ್ಲಿ ಗಾರ್ಮೆಂಟ್ಸ್ ಅಧ್ಯಾಯವನ್ನು ಮೊದಲು ಓದಿ.

ಎರಡು ದಾರಿ ಬೆರೆಸಬಹುದಾ ಅಂತ ಕೇಳುವವರಿಗೆ: ಬೆರೆಸಬಹುದು, ಮೂರನೆಯದು ಬೇಡ. ಒಂದು ಮುಖ್ಯ, ಇನ್ನೊಂದು ಅದನ್ನು ಪ್ರಶ್ನಿಸಲು. ಗೈಡ್ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರ ಕೆಳಗೆ ನೀವು ಮಾತಾಡಿಸಬಲ್ಲ ಐದು ಜನರನ್ನೋ, ಕೈಗೆ ಸಿಗುವ ಐದು ದಾಖಲೆಗಳನ್ನೋ ಬರೆಯಿರಿ. ಅದರ ಕೆಳಗೆ ಊರಿನಿಂದ ಹೊರ ಜಗತ್ತಿಗೆ ಹೋಗುವ ಆ ಗೆರೆ. ಮೂರರಲ್ಲಿ ಯಾವುದನ್ನು ಬರೆಯಲು ಆಗಲಿಲ್ಲವೋ ಅದನ್ನೇ ಗೈಡ್ ಜೊತೆ ಮೊದಲು ಮಾತಾಡಿ.